ಎರಡನೆಯ ಹಂತದ ಪಿಸ್ತೂಲು ಶಿಬಿರಕ್ಕೆ ಹೊರಡುವ ಮುನ್ನ

ಅಮೆರಿಕದಲ್ಲಿ ನೆಲೆಸಿ, ಮನೆಯ ರಕ್ಷಣೆಗೆಂದು ಕಾನೂನುಬದ್ಧವಾಗಿ ಪಿಸ್ತೂಲು ಕೊಂಡು, ಪರವಾನಗಿಗೆ ಬೇಕಾದ ಒಂದು ದಿನದ ತರಗತಿ ಮುಗಿಸಿ, ತಿಂಗಳಿಗೊಮ್ಮೆ ಹತ್ತಿರದ ರೇಂಜಿಗೆ ಹೋಗಿ ಐವತ್ತು ಗುಂಡು ಹಾರಿಸಿ ಬರುವ ಕನ್ನಡಿಗರು ನನ್ನ ಪರಿಚಯದಲ್ಲೇ ಕೆಲವರಿದ್ದಾರೆ. ಅವರಲ್ಲಿ ಒಬ್ಬಿಬ್ಬರು ನಾಲ್ಕೈದು ದಿನಗಳ ಆತ್ಮರಕ್ಷಣಾ ಪಿಸ್ತೂಲು ತರಬೇತಿಯ ಮೊದಲ ಹಂತವನ್ನೂ ಪೂರೈಸಿದ್ದು, ಮುಂದಿನ ಹಂತಕ್ಕೆ ಹೆಸರು ಕೊಡುವ ಮೊದಲು ಏನೇನು ಸಿದ್ಧತೆ ಬೇಕೆಂದು ಕೇಳುತ್ತಿರುತ್ತಾರೆ. ಈ ಬರಹ ಅಂಥವರಿಗಾಗಿ. ಗುಂಡು ಹಾರಿಸುವುದನ್ನು ಇದು ಕಲಿಸುವುದಿಲ್ಲ, ಏಕೆಂದರೆ ಅದನ್ನು ಓದಿ ಕಲಿಯಲು ಆಗುವುದಿಲ್ಲ. ಕೊಟ್ಟ ಹಣಕ್ಕೂ ಹಾಕಿದ ರಜೆಗೂ ಸಾರ್ಥಕವಾಗುವಂತೆ ಶಿಬಿರಕ್ಕೆ ಹೋಗಿ ಬರುವುದು ಹೇಗೆಂಬುದಷ್ಟೇ ಇಲ್ಲಿನ ವಿಷಯ.

"ಮುಂದುವರಿದ ತರಬೇತಿ" ಎಂಬ ಹೆಸರು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಅಲ್ಲಿ ಯಾವುದೋ ಗುಟ್ಟಿನ ವಿದ್ಯೆ ಹೇಳಿಕೊಡುತ್ತಾರೆಂದು ಹೊರಡುವವರು ಎರಡನೆಯ ದಿನಕ್ಕೆ ನಿರಾಶರಾಗುತ್ತಾರೆ. ಹಿಡಿತ, ಗುರಿ, ಟ್ರಿಗರ್ ಒತ್ತುವ ಬಗೆ, ಸೊಂಟಕ್ಕೆ ಕಟ್ಟುವ ಒರೆ, ಅಂದರೆ ಹೋಲ್‌ಸ್ಟರಿನಿಂದ ಹೊರತೆಗೆಯುವುದು, ಗುಂಡು ತುಂಬುವ ಮ್ಯಾಗಜಿನ್ ಬದಲಾಯಿಸುವುದು ಎಂಬ ಅದೇ ಐದಾರು ಕೆಲಸಗಳನ್ನು ಕತ್ತಲಲ್ಲಿ, ನಡೆಯುತ್ತ, ಒಂದೇ ಕೈಯಲ್ಲಿ, ಮೊಣಕಾಲೂರಿ, ಪಕ್ಕದಲ್ಲಿ ಒಬ್ಬರು ಕೂಗುತ್ತಿರುವಾಗ ಮಾಡಿಸುತ್ತಾರೆ. ಜೊತೆಗೆ, ಎದುರಿಗಿರುವ ಆಕೃತಿಗೆ ಗುಂಡು ಹಾರಿಸಬೇಕೇ ಬೇಡವೇ ಎಂಬುದನ್ನು ಅರೆಕ್ಷಣದಲ್ಲಿ ತೀರ್ಮಾನಿಸಲು ಹಚ್ಚುತ್ತಾರೆ. ಅಂಥ ಹೊತ್ತಿನಲ್ಲಿ ಕೈಕೊಡುವುದು ಯಾವಾಗಲೂ ಮೊದಲ ಪಾಠಗಳೇ. ಆದ್ದರಿಂದ ಈ ಶಿಬಿರದ ಸಿದ್ಧತೆಯ ಮುಕ್ಕಾಲು ಪಾಲು ಮನೆಯಲ್ಲೇ, ಬೇಸರ ಹಿಡಿಸುವಷ್ಟು ಸಾಧಾರಣ ಕೆಲಸಗಳಲ್ಲಿ ಮುಗಿದಿರಬೇಕು.

ಮೊದಲು ವೀಸಾ, ಆಮೇಲೆ ಪಿಸ್ತೂಲು

ಬೇರೆ ಮಾತಿಗೆ ಮುನ್ನ ಇದನ್ನು ಹೇಳಲೇಬೇಕು. ಎಚ್-1ಬಿ, ಎಚ್-4, ಎಫ್-1 ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಅಮೆರಿಕದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ವಶದಲ್ಲಿಟ್ಟುಕೊಳ್ಳುವುದನ್ನು ಅಲ್ಲಿನ ಒಕ್ಕೂಟ ಕಾನೂನು, ಅಂದರೆ ಹದಿನೆಂಟನೆಯ ಸಂಹಿತೆಯ 922ನೇ ವಿಧಿ, ನಿಷೇಧಿಸುತ್ತದೆ. ಇದಕ್ಕೆ ಕೆಲವೇ ಅಪವಾದಗಳಿದ್ದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಹೊಂದಿರುವುದು ಅವುಗಳಲ್ಲಿ ಮುಖ್ಯವಾದುದು. ನಾನು ಕೊಂಡುಕೊಳ್ಳುವುದಿಲ್ಲ, ಸ್ನೇಹಿತನದನ್ನು ಅರ್ಧ ಗಂಟೆ ಹಿಡಿಯುತ್ತೇನೆ ಅಷ್ಟೇ ಎಂಬ ಸಮಾಧಾನ ನಡೆಯುವುದಿಲ್ಲ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿದರೂ ಕಾನೂನಿನ ಕಣ್ಣಿಗೆ ಅದು ವಶವೇ. 2022ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಹದಿನೈದು ವರ್ಷದವರೆಗೆ ಶಿಕ್ಷೆಯಾಗಬಹುದು. ಶಿಕ್ಷೆಯ ಮಾತು ಹಾಗಿರಲಿ, ಹತ್ತು ವರ್ಷ ಕಾದು ಕುಳಿತ ಗ್ರೀನ್ ಕಾರ್ಡಿನ ಅರ್ಜಿಯೇ ಕೆಡಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲವಾದರೂ ರಾಜ್ಯಗಳ ನಿಯಮ ಬೇರೆ ಬೇರೆ. ಸಂದೇಹವಿದ್ದರೆ ಗೆಳೆಯರನ್ನು ಕೇಳಬೇಡಿ, ವಲಸೆ ಕಾನೂನಿನ ವಕೀಲರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇನ್ನು ಶಾಲೆಯವರು ಕೇಳುವ ಕಾಗದಪತ್ರಗಳು. ಹೆಸರುವಾಸಿ ಶಾಲೆಗಳು ಹಣ ಕಟ್ಟಿದ ಮಾತ್ರಕ್ಕೆ ಒಳಗೆ ಬಿಡುವುದಿಲ್ಲ. ಮರೆಯಲ್ಲಿ ಪಿಸ್ತೂಲು ಒಯ್ಯುವ ಪರವಾನಗಿಯ ಪ್ರತಿ, ಅದಿಲ್ಲದಿದ್ದರೆ ಅಪರಾಧದ ಹಿನ್ನೆಲೆ ಇಲ್ಲವೆಂಬ ಪೊಲೀಸ್ ದಾಖಲೆ, ಹಿಂದಿನ ಹಂತದ ಪ್ರಮಾಣಪತ್ರ ಇವುಗಳನ್ನು ಕೇಳುವುದು ವಾಡಿಕೆ. ಪೊಲೀಸ್ ದಾಖಲೆ ಕೈಗೆ ಬರಲು ವಾರಗಟ್ಟಲೆ ಹಿಡಿಯುವುದರಿಂದ ವಿಮಾನದ ಟಿಕೆಟಿಗಿಂತ ಮೊದಲು ಅದಕ್ಕೆ ಅರ್ಜಿ ಹಾಕಿ.

ಯಾವ ಶಾಲೆ

ಇಂಥ ತರಬೇತಿಯ ಮೂಲ ಹುಡುಕಿದರೆ ಅರಿಜೋನಾದ ಪಾಲ್ಡನ್ ಎಂಬ ಸಣ್ಣ ಊರಿಗೆ ಹೋಗಿ ನಿಲ್ಲುತ್ತೇವೆ. ಎರಡನೆಯ ಮಹಾಯುದ್ಧದಲ್ಲಿ ಮರೀನ್ ದಳದ ಅಧಿಕಾರಿಯಾಗಿದ್ದ ಜೆಫ್ ಕೂಪರ್ 1976ರಲ್ಲಿ ಅಲ್ಲಿ ಅಮೆರಿಕನ್ ಪಿಸ್ಟಲ್ ಇನ್‌ಸ್ಟಿಟ್ಯೂಟ್ ಎಂಬ ಶಾಲೆ ತೆರೆದರು. ಇಂದು ಅದು ಗನ್‌ಸೈಟ್ ಅಕಾಡೆಮಿ. ಪೊಲೀಸರಿಗೂ ಸೈನಿಕರಿಗೂ ಮೀಸಲಾಗಿದ್ದ ವಿದ್ಯೆಯನ್ನು ಸಾಮಾನ್ಯ ನಾಗರಿಕರಿಗೆ ವ್ಯವಸ್ಥಿತವಾಗಿ ಕಲಿಸಿದವರಲ್ಲಿ ಕೂಪರ್ ಮೊದಲಿಗರ ಸಾಲಿನವರು. ಬಂದೂಕು ಹಿಡಿಯುವವರೆಲ್ಲ ಇಂದು ಹೇಳುವ ನಾಲ್ಕು ಸುರಕ್ಷತಾ ಸೂತ್ರಗಳಿಗೆ ಈಗಿನ ರೂಪ ಕೊಟ್ಟವರೂ ಅವರೇ. ಅಲ್ಲಿ ಮೊದಲ ಐದು ದಿನದ ತರಗತಿಗೆ 250 ಎಂದು ಹೆಸರು. ಅದನ್ನು ಮುಗಿಸಿದವರಿಗೆ 350, ಅದಕ್ಕೂ ಮುಂದೆ 499.

ಇದಕ್ಕಿಂತ ಭಿನ್ನವಾದ ದಾರಿ ಆತ್ಮರಕ್ಷಣೆಯ ಬೋಧಕ ಮಸಾದ್ ಅಯೂಬ್ ಅವರದು. ಅವರ ತಂಡದ ಮ್ಯಾಗ್-40 ಎಂಬ ನಲವತ್ತು ಗಂಟೆಗಳ ತರಬೇತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಾಲ ರೇಂಜಿನಲ್ಲಿ ಕಳೆದರೆ, ಉಳಿದರ್ಧ ತರಗತಿಯಲ್ಲಿ ಕುಳಿತು ಆತ್ಮರಕ್ಷಣೆಯ ಕಾನೂನನ್ನು ಕೇಳುವುದರಲ್ಲಿ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳುವುದಾದರೆ, ಕಾನೂನಿನ ಭಾಗವನ್ನು ಎಲ್ಲಿಯೂ ಸರಿಯಾಗಿ ಕಲಿಯದವರು ಎರಡನೆಯ ಹಂತದ ಗುಂಡಿನ ತರಗತಿಗೆ ಹೋಗುವ ಮೊದಲು ಇಂಥದೊಂದನ್ನು ಮುಗಿಸುವುದು ಒಳ್ಳೆಯದು. ಎದುರಾಳಿಗೆ ಕೊಲ್ಲುವ ಅಥವಾ ತೀವ್ರವಾಗಿ ಗಾಯಗೊಳಿಸುವ ಸಾಮರ್ಥ್ಯವಿತ್ತೇ, ಆ ಕ್ಷಣದಲ್ಲಿ ಅದನ್ನು ಬಳಸುವ ಅವಕಾಶವಿತ್ತೇ, ಬಳಸುವ ಉದ್ದೇಶ ಅವನ ನಡತೆಯಲ್ಲಿ ಕಂಡಿತ್ತೇ ಎಂಬ ಮೂರು ಪ್ರಶ್ನೆಗಳು ತಲೆಯಲ್ಲಿ ಊರಿರದಿದ್ದರೆ, ಕೈ ಎಷ್ಟು ಚುರುಕಾದರೆ ಅಷ್ಟು ಅಪಾಯ. ಮನೆಯೊಳಗೆ ನುಗ್ಗಿದವನ ವಿಷಯದಲ್ಲಿ ಒಂದು ರಾಜ್ಯ ಹೇಳುವುದು ಒಂದಾದರೆ, ಬೀದಿಯಲ್ಲಿ ಹಿಂದೆ ಸರಿಯಲು ದಾರಿಯಿದ್ದಾಗ ಸರಿಯಲೇಬೇಕೆಂದು ಇನ್ನೊಂದು ರಾಜ್ಯ ಹೇಳುತ್ತದೆ. ನಿಮ್ಮ ರಾಜ್ಯದ್ದನ್ನು ತಿಳಿದುಕೊಂಡೇ ಹೋಗಿ.

ಎರಡು ತಿಂಗಳ ಮನೆಪಾಠ

ಹೆಸರು ಕೊಡುವ ಮೊದಲು ನಿಮ್ಮನ್ನು ನೀವೇ ಒಮ್ಮೆ ಪರೀಕ್ಷಿಸಿಕೊಳ್ಳಿ. ಏಳು ಗಜ ದೂರದಲ್ಲಿ ಅಂಗೈಯಗಲದ ಕಾಗದ ಅಂಟಿಸಿ, ಅವಸರವಿಲ್ಲದೆ ಹತ್ತು ಗುಂಡು ಹಾರಿಸಿದರೆ ಹತ್ತೂ ಅದರೊಳಗೆ ಬೀಳಬೇಕು. ಹೋಲ್‌ಸ್ಟರಿನಿಂದ ಪಿಸ್ತೂಲು ತೆಗೆಯುವಾಗ ಬೆರಳು ಎಲ್ಲಿದೆ ಎಂದು ಯೋಚಿಸಬೇಕಾಗಿ ಬರಬಾರದು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಆರು ತಿಂಗಳು ತಡೆಯುವುದು ಲೇಸು. ತಡೆಯದೆ ಹೋದವರು ತಾವು ಕಲಿಯದಿರುವುದಷ್ಟೇ ಅಲ್ಲ, ಬೋಧಕರ ಗಮನವನ್ನೆಲ್ಲ ತಮ್ಮ ಕಡೆಗೆ ಎಳೆದು ಉಳಿದವರ ಕಲಿಕೆಯನ್ನೂ ಹಾಳು ಮಾಡುತ್ತಾರೆ.

ಮಲೆನಾಡಿನ ಕಡೆಯವರಿಗೆ ಇಲ್ಲೊಂದು ಮಾತು. ತೋಟದ ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ನೋಡಿಕೊಂಡು, ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಯ್ದು ಒಪ್ಪಿಸುವ ಹಿರಿಯರ ಜೊತೆಯಲ್ಲಿ ಬೆಳೆದ ನನ್ನಂಥವರಿಗೆ ಬಂದೂಕು ಹೊಸದಲ್ಲ ಎಂಬ ಒಂದು ಸಲಿಗೆ ಇರುತ್ತದೆ. ಆ ಸಲಿಗೆ ಪಿಸ್ತೂಲಿನ ಮುಂದೆ ಕೆಲಸಕ್ಕೆ ಬಾರದು. ಮೊಳಗಟ್ಟಲೆ ಉದ್ದದ ಕೋವಿಯ ನಳಿಗೆಯನ್ನು ಪಕ್ಕದವನ ಕಡೆಗೆ ತಿರುಗಿಸಬೇಕಾದರೆ ಮೈಯನ್ನೇ ತಿರುಗಿಸಬೇಕು. ನಾಲ್ಕು ಇಂಚಿನ ಪಿಸ್ತೂಲಾದರೆ ಮಣಿಕಟ್ಟು ತುಸು ಹೊರಳಿದರೂ ಸಾಕು, ಅದು ಪಕ್ಕದವನ ಹೊಟ್ಟೆಯನ್ನು ನೋಡುತ್ತಿರುತ್ತದೆ.

ಮನೆಯಲ್ಲಿ ಮಾಡಬೇಕಾದುದು ಖಾಲಿ ಪಿಸ್ತೂಲಿನ ಅಭ್ಯಾಸ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಅದಕ್ಕಿಂತ ಹೆಚ್ಚಾದರೆ ಮನಸ್ಸು ಜಾರುತ್ತದೆ. ಗುಂಡುಗಳೂ ತುಂಬಿದ ಮ್ಯಾಗಜಿನ್‌ಗಳೂ ಬೇರೆ ಕೋಣೆಯಲ್ಲಿರಬೇಕು. ಪಿಸ್ತೂಲನ್ನು ತೆರೆದು ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿ ಮುಟ್ಟಿಯೂ ಖಾಲಿಯೆಂದು ಖಚಿತ ಮಾಡಿಕೊಳ್ಳಬೇಕು. ಗುರಿ ಇಡುವ ಗೋಡೆಯ ಆಚೆ ಯಾರೂ ಮಲಗಿರಬಾರದು. ಅಭ್ಯಾಸ ಮುಗಿಯಿತೆಂದು ಬಾಯಿಬಿಟ್ಟು ಹೇಳಿ ಎದ್ದುಬಿಡಬೇಕು. "ಇನ್ನೊಂದು ಸಲ" ಎಂದು ಮತ್ತೆ ಕೈಗೆತ್ತಿಕೊಳ್ಳುವ ಆ ಕೊನೆಯ ಸಲದಲ್ಲೇ, ಅದಾಗಲೇ ಗುಂಡು ತುಂಬಿರುವುದು ಮರೆತುಹೋಗಿ, ಟಿವಿಗೂ ಗೋಡೆಗೂ ತೂತು ಬೀಳುವುದು.

ಚೀಲದೊಳಗೆ ಏನಿರಬೇಕು

ಹೊಸ ಸಾಮಾನು ಕೊಂಡು ಶಿಬಿರದಲ್ಲೇ ಪೊಟ್ಟಣ ಬಿಚ್ಚುವ ಚಪಲವನ್ನು ಬಿಡಬೇಕು. ತಿಂಗಳೊಪ್ಪತ್ತು ಬಳಸಿ ಪಳಗಿದ ವಸ್ತುಗಳನ್ನೇ ಒಯ್ಯಿರಿ. ಸಾಮಾನುಗಳಲ್ಲಿ ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಗುರಿಯಾಗುವುದು ಬೆಲ್ಟು. ಕಚೇರಿಗೆ ಹಾಕುವ ಮೆತ್ತನೆಯ ಬೆಲ್ಟಿಗೆ ಹೋಲ್‌ಸ್ಟರ್ ಸಿಕ್ಕಿಸಿದರೆ ಪಿಸ್ತೂಲು ಎಳೆದಾಗ ಹೋಲ್‌ಸ್ಟರೂ ಮೇಲೆದ್ದು ಬರುತ್ತದೆ, ದಿನಕ್ಕೆ ನೂರೈವತ್ತು ಸಲ. ಒಂದೂವರೆ ಇಂಚು ಅಗಲದ, ಪಿಸ್ತೂಲಿನ ಭಾರಕ್ಕೆಂದೇ ಮಾಡಿದ ಬಿಗಿಯಾದ ಬೆಲ್ಟು ಬೇಕು. ಹೋಲ್‌ಸ್ಟರ್ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದೋ ದಪ್ಪ ಚರ್ಮದ್ದೋ ಆಗಿರಲಿ, ಟ್ರಿಗರನ್ನು ಪೂರ್ತಿ ಮುಚ್ಚಬೇಕು ಮತ್ತು ಪಿಸ್ತೂಲು ಹೊರಗಿದ್ದಾಗಲೂ ಬಾಯಿ ಮುಚ್ಚಿಕೊಳ್ಳದೆ ತೆರೆದೇ ಇರಬೇಕು. ಕಂಕುಳಲ್ಲಿ ತೂಗುವಂಥದು, ಬೆನ್ನ ಹಿಂದೆ ಸಿಕ್ಕಿಸುವಂಥದು, ಎಡಮಗ್ಗುಲಿನಿಂದ ಬಲಗೈಯಲ್ಲಿ ಎಳೆಯುವಂಥದು ಇವನ್ನು ಬಹುತೇಕ ಶಾಲೆಗಳು ಒಪ್ಪುವುದಿಲ್ಲ. ಹೊಟ್ಟೆಯ ಮುಂದೆ ಧರಿಸುವುದಕ್ಕೆ ಕೆಲವರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ, ಮೊದಲೇ ಪತ್ರ ಬರೆದು ಕೇಳಿ.

ಮ್ಯಾಗಜಿನ್ ಐದಾರಾದರೂ ಇರಲಿ. ಅವುಗಳ ತಳದ ಮೇಲೆ ಬಣ್ಣದ ಪೆನ್ನಿನಿಂದ 1, 2, 3 ಎಂದು ಅಂಕಿ ಬರೆಯುವುದು ಎರಡು ನಿಮಿಷದ ಕೆಲಸ, ಆದರೆ ಅದರ ಉಪಯೋಗ ದೊಡ್ಡದು. ಮೊದಲ ಶಿಬಿರದಲ್ಲಿ ನನ್ನ ಪಿಸ್ತೂಲು ಗಂಟೆಗೆರಡು ಸಲ ಸಿಕ್ಕಿಕೊಳ್ಳುತ್ತಿತ್ತು. ಒಂದಿಡೀ ದಿನ ಪಿಸ್ತೂಲನ್ನೇ ಬೈದು, ಸಂಜೆ ಅಂಕಿ ಬರೆದು ನೋಡಿದ ಮೇಲೆ ತಿಳಿಯಿತು, ತಪ್ಪು ಮೂರನೆಯ ಮ್ಯಾಗಜಿನ್ನಿನ ಸ್ಪ್ರಿಂಗಿನದು. ಕ್ಯಾಲಿಫೋರ್ನಿಯ, ನ್ಯೂಜೆರ್ಸಿ, ನ್ಯೂಯಾರ್ಕ್ ರಾಜ್ಯಗಳಿಂದ ಹೋಗುವವರಿಗೆ ಹತ್ತು ಗುಂಡಿನ ಮಿತಿಯಿರುವುದರಿಂದ ಅವರು ಇನ್ನೂ ಎರಡು ಹೆಚ್ಚಿಗೆ ಒಯ್ಯಬೇಕಾಗುತ್ತದೆ. ಮ್ಯಾಗಜಿನ್ ತುಂಬಿಸುವ ಪ್ಲಾಸ್ಟಿಕ್ ಸಲಕರಣೆಯನ್ನು ಸೋಮಾರಿಗಳ ಆಟಿಕೆ ಎಂದು ನಗಬೇಡಿ. ಮೂರನೆಯ ದಿನಕ್ಕೆ ಹೆಬ್ಬೆರಳಿನ ತುದಿ ಸುಲಿದು ಕೆಂಪಾದಾಗ ಅದರ ಬೆಲೆ ಗೊತ್ತಾಗುತ್ತದೆ.

ಸಾಧ್ಯವಿದ್ದರೆ ಅದೇ ಮಾದರಿಯ ಎರಡನೆಯ ಪಿಸ್ತೂಲೊಂದು ಜೊತೆಗಿರಲಿ, ಇಲ್ಲವಾದರೆ ಬಾಡಿಗೆಗೆ ಸಿಗುವುದೇ ಎಂದು ವಿಚಾರಿಸಿ. ಕೆಂಪು ಚುಕ್ಕಿಯ ಗುರಿದರ್ಶಕ ಬಳಸುವವರು ಹೊಸ ಬ್ಯಾಟರಿ ಹಾಕಿಕೊಂಡು, ಇನ್ನೆರಡು ಜೇಬಿನಲ್ಲಿಟ್ಟುಕೊಳ್ಳಬೇಕು. ಚಿಕ್ಕ ಎಣ್ಣೆ ಬಾಟಲಿ, ಬಟ್ಟೆಯ ತುಂಡು, ಹತ್ತು ನಕಲಿ ಗುಂಡು, ಕೈಯಲ್ಲಿ ಹಿಡಿಯುವ ಟಾರ್ಚು, ಮೊಣಕಾಲಿನ ಪಟ್ಟಿ, ಬೆರಳಿಗೆ ಸುತ್ತುವ ಟೇಪು ಇಷ್ಟಿದ್ದರೆ ಉಳಿದುದನ್ನು ಯಾರಾದರೂ ಕೊಡುತ್ತಾರೆ.

ಕಿವಿಯ ವಿಷಯದಲ್ಲಿ ಜಿಪುಣತನ ಬೇಡ. ಪಿಸ್ತೂಲಿನ ಸದ್ದು ಸುಮಾರು 160 ಡೆಸಿಬಲ್‌ವರೆಗೂ ಹೋಗುತ್ತದೆ, 140 ದಾಟಿದ ಹಠಾತ್ ಸದ್ದೇ ಶ್ರವಣಶಕ್ತಿಗೆ ಕಾಯಂ ಪೆಟ್ಟು ಕೊಡಬಲ್ಲದು. ಕಿವಿಯೊಳಗೆ ಸ್ಪಂಜಿನ ಬಿರಡೆ ಹಾಕಿ, ಅದರ ಮೇಲೆ ಎಲೆಕ್ಟ್ರಾನಿಕ್ ಕಿವಿಮುಚ್ಚು ಹಾಕಿಕೊಂಡು ಅದರ ಧ್ವನಿ ಹೆಚ್ಚಿಸಿಕೊಂಡರೆ ಗುಂಡಿನ ಸದ್ದು ತಡೆಯುತ್ತದೆ, ಬೋಧಕರ ಮಾತು ಕೇಳುತ್ತದೆ. ಕನ್ನಡಕ ಮಗ್ಗುಲನ್ನೂ ಮುಚ್ಚುವಂಥದಿರಲಿ. ಅಂಚುಳ್ಳ ಟೋಪಿ ಮತ್ತು ಕುತ್ತಿಗೆಯವರೆಗೆ ಮುಚ್ಚುವ ಅಂಗಿ ಧರಿಸಬೇಕೆಂದು ಹೇಳುವುದು ಶಿಸ್ತಿನ ಚಂದಕ್ಕಲ್ಲ. ಪಕ್ಕದವರ ಪಿಸ್ತೂಲಿನಿಂದ ಹಾರಿದ ಕಾದ ಹಿತ್ತಾಳೆಯ ಕೋಶ ಕಾಲರಿನೊಳಗೆ ಬಿದ್ದರೆ, ಎಂಥ ಸಂಯಮಿಯೂ ಕೈಯಲ್ಲಿ ಪಿಸ್ತೂಲು ಹಿಡಿದೇ ಕುಣಿಯುತ್ತಾನೆ. ಆಗ ಮಾಡಬೇಕಾದುದು ಒಂದೇ, ನಳಿಗೆಯನ್ನು ಗುರಿಫಲಕಗಳ ದಿಕ್ಕಿನಿಂದ ಕದಲಿಸದೆ, ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ಸುಟ್ಟರೆ ಸುಡಲಿ ಎಂದು ನಿಲ್ಲುವುದು.

ಗುಂಡಿನ ಭಾರ, ವಿಮಾನದ ನಿಯಮ

ಐದು ದಿನಕ್ಕೆ ಸುಮಾರು ಸಾವಿರ ಗುಂಡು ಬೇಕೆಂದು ಶಾಲೆಗಳು ಬರೆದಿರುತ್ತವೆ. 9 ಎಂಎಂ ಗುಂಡೊಂದು ಹನ್ನೆರಡು ಗ್ರಾಂ ಎಂದು ಹಿಡಿದರೂ ಸಾವಿರಕ್ಕೆ ಹನ್ನೆರಡು ಕಿಲೊ ಆಯಿತು. ಅಮೆರಿಕದ ಹಲವು ವಿಮಾನ ಸಂಸ್ಥೆಗಳು ಒಬ್ಬ ಪ್ರಯಾಣಿಕನಿಗೆ ಬಿಡುವುದು ಐದು ಕಿಲೊ, ಅಂದರೆ ನಾನೂರು ಗುಂಡಿನಷ್ಟು ಮಾತ್ರ. ಆದ್ದರಿಂದ ಮುಂಚಿತವಾಗಿ ಶಾಲೆಯ ವಿಳಾಸಕ್ಕೆ ಕಳುಹಿಸುವುದು ಅಥವಾ ಅಲ್ಲಿಯೇ ಕೊಳ್ಳುವುದು ಸುಲಭ. ಅಲ್ಲಿಯೇ ಕೊಳ್ಳುವವರು ತಮ್ಮ ಪಿಸ್ತೂಲಿಗೆ ಒಗ್ಗಿದ ತಯಾರಿಕೆಯೇ ಸಿಗುವುದೆಂದು ಖಚಿತ ಮಾಡಿಕೊಳ್ಳಬೇಕು.

ಪಿಸ್ತೂಲು ವಿಮಾನದ ಹೊಟ್ಟೆಯಲ್ಲಿ ಹೋಗುವ ಸಾಮಾನಿನಲ್ಲಿ ಮಾತ್ರ ಇರಬೇಕು, ಖಾಲಿಯಾಗಿರಬೇಕು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿರಬೇಕು ಮತ್ತು ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ ನಮೂದಿಸಬೇಕು. ಗುಂಡುಗಳು ಅವುಗಳಿಗೆಂದೇ ಮಾಡಿದ ರಟ್ಟು, ಪ್ಲಾಸ್ಟಿಕ್, ಮರ ಅಥವಾ ಲೋಹದ ಡಬ್ಬಿಯಲ್ಲಿರಬೇಕು. ಕೌಂಟರಿನಲ್ಲಿ "ನನ್ನ ಹತ್ತಿರ ಬಂದೂಕಿದೆ" ಎಂದು ಶುರು ಮಾಡಬೇಡಿ. "ಸಾಮಾನಿನಲ್ಲಿ ಒಂದು ಬಂದೂಕನ್ನು ನಮೂದಿಸಬೇಕಾಗಿದೆ" ಎನ್ನಿ. ಅರ್ಥ ಒಂದೇ ಆದರೂ ಕೇಳಿಸಿಕೊಳ್ಳುವವರ ಮುಖಚರ್ಯೆ ಬೇರೆಯಾಗುತ್ತದೆ. ಹೊರಡುವ, ಇಳಿಯುವ, ನಡುವೆ ವಿಮಾನ ಬದಲಿಸುವ ರಾಜ್ಯಗಳ ಕಾನೂನನ್ನೂ ನೋಡಿಕೊಳ್ಳಿ. ನ್ಯೂಯಾರ್ಕ್ ಅಥವಾ ನ್ಯೂಜೆರ್ಸಿಯಲ್ಲಿ ವಿಮಾನ ತಪ್ಪಿ ರಾತ್ರಿ ತಂಗಬೇಕಾಗಿ ಬಂದು, ಪೆಟ್ಟಿಗೆಯನ್ನು ಕೈಗೆ ಪಡೆದು ಹೋಟೆಲಿಗೆ ಒಯ್ದವರು ಬೆಳಿಗ್ಗೆ ಅದನ್ನೇ ಮತ್ತೆ ನಮೂದಿಸಲು ಹೋಗಿ ಬಂಧನಕ್ಕೊಳಗಾಗುವ ಸಂಭವವಿದೆ. ಆ ದಾರಿಯನ್ನೇ ತಪ್ಪಿಸಿ ಟಿಕೆಟ್ ತೆಗೆಯಿರಿ.

ಪಾಲ್ಡನ್ನಿಗೆ ಹೋಗುವವರು ಫೀನಿಕ್ಸ್‌ನಲ್ಲಿ ಇಳಿದು ಸುಮಾರು ಎರಡು ಗಂಟೆ ಉತ್ತರಕ್ಕೆ ಕಾರಿನಲ್ಲಿ ಸಾಗಬೇಕು. ಅರಿಜೋನಾ ಎಂದರೆ ಬರೀ ಸೆಕೆ ಎಂದುಕೊಂಡು ತೆಳುಬಟ್ಟೆಯಲ್ಲಿ ಹೋಗಬೇಡಿ. ಅದು ನಾಲ್ಕು ಸಾವಿರ ಅಡಿಗೂ ಮೇಲಿನ ಒಣ ಪ್ರಸ್ಥಭೂಮಿ, ಬೆಳಿಗ್ಗೆ ನಡುಕ, ಮಧ್ಯಾಹ್ನ ಉರಿ. ಬೆವರು ಅಲ್ಲಿ ಕಾಣಿಸಿಕೊಳ್ಳುವ ಮೊದಲೇ ಆರಿಹೋಗುವುದರಿಂದ ಬಾಯಾರಿಕೆ ಗೊತ್ತಾಗುವುದಿಲ್ಲ. ಮಧ್ಯಾಹ್ನದ ಮೇಲೆ ಕಾರಣವಿಲ್ಲದೆ ಗುರಿ ತಪ್ಪತೊಡಗಿದರೆ ಟ್ರಿಗರನ್ನು ದೂರುವ ಮೊದಲು ಒಂದು ಬಾಟಲಿ ನೀರು ಕುಡಿದು ನೋಡಿ.

ರೇಂಜಿನ ದಿನಗಳು

ಮೊದಲ ಬೆಳಗ್ಗೆ ಗುಂಡು ಹಾರುವುದಿಲ್ಲ. ಹೊಣೆಗಾರಿಕೆಯ ಕಾಗದಕ್ಕೆ ರುಜು, ಆಮೇಲೆ ಸುರಕ್ಷತೆಯ ಪಾಠ. ಪ್ರತಿಯೊಂದು ಬಂದೂಕನ್ನೂ ಗುಂಡು ತುಂಬಿದ್ದೆಂದೇ ತಿಳಿಯಬೇಕು. ನಾಶವಾದರೆ ಒಪ್ಪಲಾಗದ ಯಾವುದರ ಮೇಲೂ ನಳಿಗೆ ಹಾಯಬಾರದು. ಗುರಿ ಕಣ್ಣಿಗೆ ಕೂಡುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಯಾವುದು, ಅದರ ಹಿಂದೇನಿದೆ ಎಂಬುದು ತಿಳಿದಿರಬೇಕು. ಈ ನಾಲ್ಕನ್ನೂ ಕೇಳಿ ಕೇಳಿ ಬಾಯಿಪಾಠವಾದವರೇ ಅಲ್ಲಿ ಕುಳಿತಿರುತ್ತಾರೆ, ಆದರೂ ಬೋಧಕರು ಒಂದನ್ನೂ ಬಿಡುವುದಿಲ್ಲ. ನಂತರ ಯಾರಿಗಾದರೂ ಗಾಯವಾದರೆ ರಕ್ತ ನಿಲ್ಲಿಸುವ ಪೆಟ್ಟಿಗೆ ಎಲ್ಲಿದೆ, ಕರೆ ಮಾಡುವವರಾರು, ಗಾಯಾಳುವನ್ನು ಒಯ್ಯುವ ವಾಹನ ಯಾವುದು ಎಂದು ಹೆಸರು ಹಿಡಿದು ಹಂಚುತ್ತಾರೆ. ಈ ಹಂಚಿಕೆ ಮಾಡದ ಶಿಬಿರ ಕಂಡರೆ ಹಣದ ಮುಖ ನೋಡದೆ ಹೊರಟುಬರಬಹುದು.

ಇಂಥ ಶಿಬಿರಗಳಲ್ಲಿ ರೇಂಜು ಸಾಮಾನ್ಯವಾಗಿ "ಬಿಸಿ"ಯಾಗಿರುತ್ತದೆ. ಎಂದರೆ ದಿನವಿಡೀ ಸೊಂಟದಲ್ಲಿ ಗುಂಡು ತುಂಬಿದ ಪಿಸ್ತೂಲೇ ಇರುತ್ತದೆ. ಆಜ್ಞೆಯಿಲ್ಲದೆ ಅದನ್ನು ಮುಟ್ಟಬಾರದು. ಬಗ್ಗಿ ಹಿತ್ತಾಳೆ ಹೆಕ್ಕುವಾಗಲೂ, ಸ್ನೇಹಿತನಿಗೆ ತೋರಿಸಲೆಂದೂ, ಹೋಲ್‌ಸ್ಟರಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ನೋಡಲೂ ಮುಟ್ಟಬಾರದು.

ಪಿಸ್ತೂಲು ಹೊರತೆಗೆಯುವ ವೇಗಕ್ಕೆ ಎಲ್ಲರೂ ಹಾತೊರೆಯುತ್ತಾರೆ. ಆದರೆ ಅಪಘಾತಗಳು ಹೆಚ್ಚಾಗಿ ಅಡಗಿರುವುದು ಅದನ್ನು ಒಳಗೆ ಮರಳಿಸುವ ಕ್ಷಣದಲ್ಲಿ. ಎರಡನೆಯ ಶಿಬಿರದ ಎರಡನೆಯ ದಿನ, ಚಳಿಯೆಂದು ನಾನು ಸೊಂಟದ ಬಳಿ ಲಾಡಿಯಿರುವ ಜಾಕೆಟ್ ಹಾಕಿದ್ದೆ. ನಾಲ್ಕು ಗುಂಡು ಹಾರಿಸಿ, ನಾಲ್ಕೂ ಒಟ್ಟೊಟ್ಟಿಗೆ ಬಿದ್ದ ಸಂತೋಷದಲ್ಲಿ, ಗುರಿಫಲಕದ ಮೇಲೆಯೇ ಕಣ್ಣಿಟ್ಟು ಪಿಸ್ತೂಲನ್ನು ಸರ್ರನೆ ಒಳಗೆ ತಳ್ಳುತ್ತಿದ್ದೆ. ಹಿಂದೆ ನಿಂತಿದ್ದ ಬೋಧಕರು ನನ್ನ ಮೊಣಕೈಯನ್ನು ಹಿಡಿದು ನಿಲ್ಲಿಸಿದರು. ಬೈಯಲಿಲ್ಲ, ಕೆಳಗೆ ನೋಡು ಎಂದರು ಅಷ್ಟೇ. ಲಾಡಿಯ ತುದಿಯ ಪ್ಲಾಸ್ಟಿಕ್ ಗುಂಡಿ ಹೋಲ್‌ಸ್ಟರಿನ ಬಾಯಿಯೊಳಗೆ ಇಳಿದು, ಸರಿಯಾಗಿ ಟ್ರಿಗರ್ ಬಂದು ಕೂರುವ ಜಾಗದಲ್ಲಿ ಕುಳಿತಿತ್ತು. ಇನ್ನೊಂದು ಇಂಚು ತಳ್ಳಿದ್ದರೆ ನನ್ನ ತೊಡೆಯೇ ಗುರಿಯಾಗುತ್ತಿತ್ತು. ಅಂದಿನಿಂದ ನಾನು ಪಿಸ್ತೂಲು ಮರಳಿಸುವ ಮೊದಲು ಎಡಗೈಯಲ್ಲಿ ಬಟ್ಟೆ ಸರಿಸಿ, ತಲೆ ಬಗ್ಗಿಸಿ ಹೋಲ್‌ಸ್ಟರಿನ ಬಾಯಿ ನೋಡಿ, ಬೆರಳು ಹೊರಗಿದೆಯೆಂದು ಖಚಿತಪಡಿಸಿಕೊಂಡು, ಭತ್ತದ ಚೀಲ ಇಳಿಸುವಷ್ಟು ನಿಧಾನವಾಗಿ ಇಳಿಸುತ್ತೇನೆ. ಎಡಗೈ ಬಟ್ಟೆ ಸರಿಸುವಾಗ ನಳಿಗೆಯ ಮುಂದೆ ಬಾರದಂತೆಯೂ ನೋಡಿಕೊಳ್ಳಬೇಕು. ಲಾಡಿಯ ಜಾಕೆಟ್ಟುಗಳನ್ನು ಮನೆಯಲ್ಲೇ ಬಿಡಿ.

ಪಿಸ್ತೂಲು ಸಿಕ್ಕಿಕೊಂಡಾಗ ಬಿಡಿಸುವ ಅಭ್ಯಾಸ ಎರಡನೆಯ ಹಂತದಲ್ಲಿ ಬಹಳ ನಡೆಯುತ್ತದೆ. ಜೊತೆಗಾರರು ನಿಮಗೆ ಕಾಣದಂತೆ ಮ್ಯಾಗಜಿನ್ನಿನ ನಡುವೆ ನಕಲಿ ಗುಂಡು ಸೇರಿಸಿಕೊಡುತ್ತಾರೆ. ಟಕ್ ಎಂದು ಸದ್ದಾಗಿ ಗುಂಡು ಹಾರದಿದ್ದಾಗ ಮ್ಯಾಗಜಿನ್ನಿನ ತಳಕ್ಕೆ ಅಂಗೈಯಿಂದ ಗುದ್ದಿ, ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಸ್ಲೈಡನ್ನು ಪೂರ್ತಿ ಎಳೆದುಬಿಟ್ಟು ಮತ್ತೆ ಗುರಿಯ ಸ್ಥಿತಿ ನೋಡಬೇಕು. ಈ ಅಭ್ಯಾಸ ಕೈಗೆ ಹತ್ತಿದ ಮೇಲೆ ಒಂದು ಅಪಾಯವೂ ಸೇರಿಕೊಳ್ಳುತ್ತದೆ. ಎಂದಿನ ಸದ್ದಿನ ಬದಲು ಫುಸ್ಸೆಂಬ ಮೆತ್ತನೆಯ ಸದ್ದು ಬಂದರೆ ಮದ್ದು ಸಾಲದೆ ಗುಂಡು ನಳಿಗೆಯಲ್ಲೇ ನಿಂತಿರಬಹುದು. ಆಗ ಗುದ್ದಿ ಎಳೆದು ಇನ್ನೊಂದನ್ನು ಹಾರಿಸಿದರೆ ನಳಿಗೆ ಸಿಡಿಯಬಹುದು. ಸದ್ದು ಬೇರೆಯೆನಿಸಿದ ಕೂಡಲೇ ಕೈ ತಡೆದು ಬೋಧಕರನ್ನು ಕರೆಯಬೇಕು.

ಕತ್ತಲಿನ ತರಗತಿಗೆ ಒಂದು ಸಂಜೆ ಮೀಸಲಾಗಿರುತ್ತದೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಪಿಸ್ತೂಲು ಹಿಡಿದು ಮ್ಯಾಗಜಿನ್ ಬದಲಿಸುವುದು ಮೊದಲಿಗೆ ನಗೆಪಾಟಲಾಗುವುದು ಖಂಡಿತ. ಟಾರ್ಚು ಇದ್ದವರಿಂದ ಎರವಲು ಪಡೆದಾದರೂ ಮನೆಯಲ್ಲಿ ಎರಡು ವಾರ ಅದರ ಗುಂಡಿ ಒತ್ತಿ ಅಭ್ಯಾಸ ಮಾಡಿದವರು ಅಂದು ಉಳಿದವರಿಗಿಂತ ಮುಂದಿರುತ್ತಾರೆ.

ನಾಲ್ಕನೆಯ ದಿನದ ಹೊತ್ತಿಗೆ ಮನೆಯಾಕಾರದ ಅಣಕು ಕಟ್ಟಡಗಳೊಳಗೆ ಒಬ್ಬೊಬ್ಬರನ್ನಾಗಿ ಕಳುಹಿಸುತ್ತಾರೆ. ಗನ್‌ಸೈಟ್‌ನಲ್ಲಿ ಇಂಥದಕ್ಕೆ ಪ್ಲೇ ಹೌಸ್ ಎಂದು ಹೆಸರು, ಬಯಲಿನ ಹಳ್ಳದಲ್ಲಿ ಹಾಯುವ ಇಂಥದೇ ಹಾದಿಗೆ ದೊಂಗಾ. ಅದು ಆಫ್ರಿಕಾದ ದಕ್ಷಿಣ ಭಾಗದ ಮಾತು, ಕೊರಕಲು ಎಂದರ್ಥ. ತೆಲುಗು ಬಲ್ಲ ಬಳ್ಳಾರಿ ಕೋಲಾರದ ಕಡೆಯವರಿಗೆ ಅಲ್ಲೊಬ್ಬ ಕಳ್ಳ ಅಡಗಿದ್ದಾನೆಂದೇ ಕೇಳಿಸಿದರೆ ತಪ್ಪೇನಿಲ್ಲ. ಒಳಗಿನ ಗುರಿಫಲಕಗಳಲ್ಲಿ ಕೆಲವು ಚಾಕು ಹಿಡಿದವನ ಚಿತ್ರ, ಕೆಲವು ಮೊಬೈಲ್ ಹಿಡಿದ ಹೆಂಗಸಿನ ಚಿತ್ರ. ಬಾಗಿಲಿನ ಅಂಚಿಗೆ ಅಂಟಿಕೊಳ್ಳದೆ ತುಸು ದೂರ ನಿಂತು, ಕೋಣೆಯನ್ನು ಹೋಳು ಹೋಳಾಗಿ ನೋಡುತ್ತ ಹೋಗಬೇಕೆಂಬುದು ಪಾಠ. ಅವಸರಪಟ್ಟವರು ಎಲ್ಲ ಗುರಿಗೂ ಚೆನ್ನಾಗಿ ಹೊಡೆದು ಹೊರಬಂದ ಮೇಲೆ, ಅದರಲ್ಲೊಂದು ಮಗುವನ್ನೆತ್ತಿಕೊಂಡ ತಾಯಿಯ ಚಿತ್ರವಾಗಿತ್ತೆಂದು ಬೋಧಕರು ಕರೆದೊಯ್ದು ತೋರಿಸುತ್ತಾರೆ. ಆ ಕಾಗದದ ತೂತಿನ ಮುಂದೆ ನಿಂತಾಗ ಆಗುವ ಮುಜುಗರಕ್ಕಾಗಿಯೇ ಹಣ ಕೊಟ್ಟು ಬಂದಿದ್ದೇವೆ ಎಂದು ನಾನು ಎಣಿಸಿದ್ದೇನೆ. ಕೈಯನ್ನು ನೋಡಿ, ಆಮೇಲೆ ಮುಖ ನೋಡಿ, ಮಾತಾಡಿಸಿ, ಹಿಂದೆ ಸರಿಯಲು ದಾರಿಯಿದ್ದರೆ ಸರಿಯಿರಿ. ಒಂದೂ ಗುಂಡು ಹಾರಿಸದೆ ಹೊರಬರಬೇಕಾದ ಮನೆಯೂ ಒಂದಿರಬಹುದು, ಇದನ್ನು ಮರೆತು ಒಳಹೋದವರು ಏನಾದರೂ ಹೊಡೆಯಲೇಬೇಕೆಂದು ಹೊಡೆಯುತ್ತಾರೆ.

ಪ್ರತಿ ಸಂಜೆ ಕೋಣೆಗೆ ಮರಳಿದ ಮೇಲೆ ಪುಟ್ಟ ಪುಸ್ತಕದಲ್ಲಿ ಅಂದಿನ ತಪ್ಪುಗಳನ್ನು ಬರೆದಿಡಿ. ಬೋಧಕರು ನಿಮಗೆ ಹೇಳಿದ ಮಾತನ್ನು ಅವರ ಪದಗಳಲ್ಲೇ ಬರೆಯಿರಿ, ನಿಮ್ಮ ವ್ಯಾಖ್ಯಾನ ಬೇಡ. ಅವರು ಹೇಳುವುದು ನೀವು ಹಿಂದೆ ಕಲಿತುದಕ್ಕಿಂತ ಬೇರೆಯಾಗಿದ್ದರೆ ಐದು ದಿನ ಅವರದನ್ನೇ ಮಾಡಿ. ಚರ್ಚೆಗೆ ಮನೆಗೆ ಹೋದ ಮೇಲೆ ವರ್ಷವಿಡೀ ಸಮಯವಿದೆ.

ಸೀಸ ಮತ್ತು ಊಟ

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮಾತಿದು. ಗುಂಡಿನಲ್ಲೂ ಅದರ ಕೇಪಿನ ಮದ್ದಿನಲ್ಲೂ ಸಾಮಾನ್ಯವಾಗಿ ಸೀಸವಿರುತ್ತದೆ. ಹಾರಿಸಿದಾಗಲೆಲ್ಲ ಅದರ ಸಣ್ಣ ಪುಡಿ ಕೈ, ಮುಖ, ಬಟ್ಟೆ, ಬೂಟುಗಳ ಮೇಲೆ ಕೂರುತ್ತದೆ. ಮಧ್ಯಾಹ್ನ ಅದೇ ಕೈಯಲ್ಲಿ ಮೊಸರನ್ನ ಕಲಸಿ ಬಾಯಿಗಿಟ್ಟರೆ ಸೀಸ ನೇರವಾಗಿ ಹೊಟ್ಟೆಗೆ. ಊಟಕ್ಕೆ ಮುನ್ನ ತಣ್ಣೀರು ಮತ್ತು ಸೋಪಿನಲ್ಲಿ ಮೊಣಕೈವರೆಗೆ ತೊಳೆಯಬೇಕು, ಮುಖವನ್ನೂ ತೊಳೆಯಬೇಕು. ನೀರಿಲ್ಲದ ರೇಂಜಿಗೆ ಸೀಸ ತೆಗೆಯುವ ಒದ್ದೆ ಬಟ್ಟೆಗಳನ್ನು ಒಯ್ಯಿರಿ, ಕೈಗೆ ಹಚ್ಚುವ ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ. ಆ ಐದು ದಿನ ಚಮಚದಲ್ಲಿ ತಿನ್ನುವುದೇ ವಾಸಿ. ಸಸ್ಯಾಹಾರಿಗಳಿಗೆ ಮಧ್ಯಾಹ್ನ ಸಿಗುವುದು ಹೆಚ್ಚಾಗಿ ಚೀಸ್ ಸ್ಯಾಂಡ್‌ವಿಚ್ ಅಷ್ಟೇ ಆದ್ದರಿಂದ ಅವಲಕ್ಕಿ, ಚಟ್ನಿಪುಡಿ, ಒಂದು ಡಬ್ಬಿ ಮೊಸರು ಕಾರಿನಲ್ಲಿರಲಿ. ರೇಂಜಿನೊಳಗೆ ತೆರೆದಿಟ್ಟ ತಿಂಡಿಯನ್ನು ಮಾತ್ರ ಯಾರು ಕೊಟ್ಟರೂ ತಿನ್ನಬೇಡಿ. ಬೂಟುಗಳನ್ನು ಮನೆಯ ಹೊಸ್ತಿಲಾಚೆ ಬಿಡುವ ನಮ್ಮ ರೂಢಿ ಇಲ್ಲಿ ಸೀಸಕ್ಕೂ ಸರಿಯಾದ ಮದ್ದು. ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ, ಸ್ನಾನ ಮಾಡದೆ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಮರಳುವಾಗ

ಕೊನೆಯ ದಿನದ ಪರೀಕ್ಷೆ, ಪ್ರಮಾಣಪತ್ರ, ಫೋಟೊ ಎಲ್ಲ ಮುಗಿದ ಮೇಲೆ ಅವಸರದಲ್ಲಿ ಸಾಮಾನು ಕಟ್ಟಬೇಡಿ. ಪ್ಯಾಂಟಿನ ಜೇಬು, ಜಾಕೆಟ್ಟಿನ ಒಳಜೇಬು, ಬೂಟಿನ ಒಳಗೆ, ಚೀಲದ ಹೊಲಿಗೆಯ ಮೂಲೆ ಎಲ್ಲವನ್ನೂ ಹಾಸಿಗೆಯ ಮೇಲೆ ಕೊಡವಿ ಬೆರಳಾಡಿಸಿ ನೋಡಿ. ಮ್ಯಾಗಜಿನ್ ತುಂಬುವಾಗ ಕೈ ಜಾರಿದ ಗುಂಡೊಂದು ಎಲ್ಲಿ ಬೇಕಾದರೂ ಅವಿತಿರುತ್ತದೆ. ಅಮೆರಿಕದ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಸಿಕ್ಕಿದರೆ ವಿಚಾರಣೆ, ದಂಡ. ಭಾರತದಲ್ಲಿ ಸಿಕ್ಕಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪೊಲೀಸ್ ಪ್ರಕರಣ. 9 ಎಂಎಂ ಭಾರತದಲ್ಲಿ ನಿಷೇಧಿತ ಬೋರ್‌ಗಳ, ಅಂದರೆ ನಳಿಗೆಯ ಅಳತೆಗಳ, ಸಾಲಿನಲ್ಲಿರುವುದರಿಂದ ಪ್ರಕರಣ ಇನ್ನಷ್ಟು ಬಿಗಿಯಾಗುತ್ತದೆ. ಚೀಲದಲ್ಲಿ ಗುಂಡಿರುವುದು ತಮಗೆ ತಿಳಿದೇ ಇರಲಿಲ್ಲ, ಅದು ಅರಿವಿನಿಂದ ಇಟ್ಟುಕೊಂಡ ವಶವಲ್ಲ ಎಂಬ ವಾದವನ್ನು ನ್ಯಾಯಾಲಯಗಳು ಹಲವು ಸಲ ಒಪ್ಪಿವೆ. ಆದರೆ ಆ ಮಾತನ್ನು ನ್ಯಾಯಾಧೀಶರ ಮುಂದೆ ಹೇಳುವ ಹೊತ್ತಿಗೆ ರಜೆಯೂ ಮುಗಿದಿರುತ್ತದೆ, ಪಾಸ್‌ಪೋರ್ಟೂ ಕೈಯಲ್ಲಿರುವುದಿಲ್ಲ.

ಆದ್ದರಿಂದ ರೇಂಜಿಗೆ ಒಯ್ದ ಚೀಲವನ್ನು ಊರಿಗೆ ಹೋಗುವ ಪ್ರಯಾಣಕ್ಕೆ ಎಂದೆಂದಿಗೂ ಬಳಸಬಾರದು. ನಮ್ಮ ಮನೆಯಲ್ಲಿ ಆ ಚೀಲದ ಹಿಡಿಕೆಗೆ ಕೆಂಪು ದಾರ ಕಟ್ಟಿ ಗ್ಯಾರೇಜಿನ ಮೊಳೆಗೆ ತೂಗುಹಾಕಿದೆ. ಬೆಂಗಳೂರಿಗೆ ಹೊರಡುವ ವಾರ ಎಷ್ಟೇ ಸಾಮಾನು ಹೆಚ್ಚಾದರೂ ಅದನ್ನು ಯಾರೂ ಕೆಳಗಿಳಿಸುವುದಿಲ್ಲ.